ತಾರಸಿಯ ಬಿಸಿಲು, ಕಂಬದ ಗಾಳಿ: ಮನೆಗೆ ಯಾವುದು, ಬಡಾವಣೆಗೆ ಯಾವುದು

ಬಡಾವಣೆಯ ಸಭೆಯಲ್ಲಿ ಸೌರ ವಿದ್ಯುತ್ತಿನ ಮಾತೆತ್ತಿದರೆ ಸಾಕು, ಯಾರಾದರೊಬ್ಬರು "ಜೊತೆಗೊಂದು ಗಾಳಿಯಂತ್ರವನ್ನೂ ಹಾಕಿಬಿಡೋಣ, ರಾತ್ರಿಗೂ ಆಯಿತು" ಅನ್ನುತ್ತಾರೆ. ಎರಡಕ್ಕೂ ಇಂಧನ ಬಿಟ್ಟಿ, ಹಾಗಾಗಿ ಎರಡೂ ಒಂದೇ ಜಾತಿ ಎಂಬ ಎಣಿಕೆ. ಎರಡನ್ನೂ ಅಕ್ಕಪಕ್ಕದಲ್ಲಿ ಓಡಿಸಿ ಮೀಟರ್ ಓದಿದರೆ ಕಾಣುವುದೇ ಬೇರೆ. ಬಿಸಿಲನ್ನು ಮನೆಮನೆಗೆ ಹಂಚಿಕೊಂಡು ಹಿಡಿಯಬಹುದು, ಹೆಚ್ಚೇನೂ ಸೋರುವುದಿಲ್ಲ. ಗಾಳಿಯನ್ನು ಹಾಗೆ ಹಂಚಲು ಹೋದರೆ ಯಾರ ಕೈಗೂ ಏನೂ ಸಿಗುವುದಿಲ್ಲ.

ಮೊದಲು ಗಾಳಿಯ ಲೆಕ್ಕ, ಏಕೆಂದರೆ ಮೋಸಹೋಗುವುದು ಇಲ್ಲಿಯೇ. ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ: ವೇಗ ಅರ್ಧವಾದರೆ ಶಕ್ತಿ ಎಂಟನೇ ಒಂದು ಭಾಗ. ಆ ಶಕ್ತಿಯಲ್ಲೂ ಶೇ 59.3ಕ್ಕಿಂತ ಹೆಚ್ಚನ್ನು ಯಾವ ಯಂತ್ರವೂ ಹಿಡಿಯಲಾರದು. ಅದು ಬೆಟ್ಸ್ ಮಿತಿ. ಮನೆ ಅಳತೆಯ ಯಂತ್ರಗಳು ಒಟ್ಟಾರೆ ಶೇ 25ರಿಂದ 35ರವರೆಗೆ ಹಿಡಿದರೆ ಒಳ್ಳೆಯ ಯಂತ್ರವೆಂದೇ ಹೇಳಬೇಕು. ಈಗ 2 ಮೀಟರ್ ವ್ಯಾಸದ ರೆಕ್ಕೆಚಕ್ರ ತೆಗೆದುಕೊಳ್ಳಿ. ಡಬ್ಬಿಯ ಮೇಲೆ "1 ಕಿಲೋವ್ಯಾಟ್" ಎಂದಿರುತ್ತದೆ, ಸುಳ್ಳಲ್ಲ. ಸೆಕೆಂಡಿಗೆ 12 ಮೀಟರ್ ಗಾಳಿ ಬೀಸಿದಾಗ ಅದು ಸಾವಿರ ವ್ಯಾಟಿನ ಹತ್ತಿರ ಕೊಡುತ್ತದೆ. ಗಾಳಿ 4 ಮೀಟರಿಗೆ ಇಳಿದರೆ ಅದೇ ಯಂತ್ರ ಕೊಡುವುದು ಸುಮಾರು 36 ವ್ಯಾಟ್. 3 ಮೀಟರಿಗೆ ಇಳಿದರೆ 15 ವ್ಯಾಟ್, ಅಂದರೆ ಒಂದು ಎಲ್‌ಇಡಿ ದೀಪ.

ವರ್ಷದ ಸರಾಸರಿ ವೇಗ 4 ಮೀಟರ್ ಇರುವ ಕಡೆ ಆಗಾಗ ಬರುವ ಜೋರುಗಾಳಿಯೂ ಸೇರಿ ಫಲ ಸ್ವಲ್ಪ ಹೆಚ್ಚುತ್ತದೆ. ಹಾಗೆ ಹಿಡಿದರೂ ದಿನಕ್ಕೆ ಒಂದೂವರೆ ಯೂನಿಟ್ಟಿನ ಆಸುಪಾಸು, ಅದೂ ಎಲ್ಲ ಸರಿಯಿದ್ದರೆ. ಅದೇ 1 ಕಿಲೋವ್ಯಾಟ್ ಸೌರಫಲಕ, ದಿನಕ್ಕೆ 5 ತಾಸಿನ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಬೀಳುವ ಜಾಗದಲ್ಲಿ, ಬಿಸಿ, ದೂಳು, ತಂತಿ, ಫಲಕದ ಡಿಸಿಯನ್ನು ಮನೆಯ ಎಸಿಯಾಗಿ ಬದಲಿಸುವ ಇನ್ವರ್ಟರ್ ಎಲ್ಲದರ ನಷ್ಟ ಕಳೆದು ದಿನಕ್ಕೆ 3.8 ಯೂನಿಟ್ ಕೊಡುತ್ತದೆ. ಹೆಸರಿನ ಕಿಲೋವ್ಯಾಟ್ ಒಂದೇ ಆದರೂ ಯೂನಿಟ್ ಒಂದೇ ಅಲ್ಲ. ಎರಡನ್ನು ಹೋಲಿಸುವಾಗ ಕಿಲೋವ್ಯಾಟ್ ಬಿಟ್ಟು ವರ್ಷದ ಯೂನಿಟ್ ಕೇಳಿ.

ತಾರಸಿಯ ಮೇಲೆ ಗಾಳಿಯಂತ್ರ

ಬೇಡ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಮನೆ, ಮರ, ನೀರಿನ ಟ್ಯಾಂಕು ಇವೆಲ್ಲ ಗಾಳಿಯನ್ನು ಕಲಕುತ್ತವೆ. ಅಡ್ಡ ನಿಂತ ವಸ್ತುವಿನ ಎತ್ತರದ ಎರಡರಷ್ಟು ಮೇಲಕ್ಕೆ, ಗಾಳಿ ಸಾಗುವ ದಿಕ್ಕಿನಲ್ಲಿ ಇಪ್ಪತ್ತರಷ್ಟು ದೂರಕ್ಕೆ ಆ ಸುಳಿಗಾಳಿ ಹಬ್ಬಿರುತ್ತದೆ. ಅದರೊಳಗೆ ಸಿಕ್ಕ ಯಂತ್ರ ದಿಕ್ಕು ಹುಡುಕುತ್ತ ಆಚೀಚೆ ಹೊರಳುತ್ತಲೇ ಇರುತ್ತದೆ. ವಿದ್ಯುತ್ತು ಬರುವುದಿಲ್ಲ, ಬೇರಿಂಗ್ ಮಾತ್ರ ಸವೆಯುತ್ತದೆ. ರೆಕ್ಕೆಯ ನಡುಕ ಕಂಬದ ಬುಡದಿಂದ ಚಾವಣಿಗಿಳಿದು ಮಲಗುವ ಕೋಣೆಯಲ್ಲಿ ಗುಂಯ್‌ಗುಡುತ್ತದೆ. ರಬ್ಬರ್ ಪಟ್ಟಿ ಹಾಕಿದರೆ ಕಡಿಮೆಯಾದೀತು, ನಿಲ್ಲುವುದಿಲ್ಲ.

ಬ್ರಿಟನ್ನಿನ ವಾರಿಕ್ ವಿಂಡ್ ಟ್ರಯಲ್ಸ್ ಎಂಬ ಪರೀಕ್ಷೆಯಲ್ಲಿ ಕಟ್ಟಡಗಳ ಮೇಲೆ ಕೂರಿಸಿದ 26 ಯಂತ್ರಗಳನ್ನು ಅಳೆದಿದ್ದರು. 2009ರ ವರದಿಯಂತೆ, ಕೆಟ್ಟು ನಿಂತ ದಿನಗಳೂ ಸೇರಿ, ಯಂತ್ರವೊಂದಕ್ಕೆ ದಿನಕ್ಕೆ ಸಿಕ್ಕ ಸರಾಸರಿ 214 ವ್ಯಾಟ್-ಅವರ್. ಕಾಲು ಯೂನಿಟ್ಟೂ ಅಲ್ಲ. ಚೆನ್ನಾಗಿ ಗಾಳಿ ಸಿಗುತ್ತಿದ್ದ ಬಹುಮಹಡಿ ಕಟ್ಟಡಗಳ ಯಂತ್ರಗಳನ್ನು ನಿವಾಸಿಗಳು ಸದ್ದಿಗೆ ಬೇಸತ್ತು ನಿಲ್ಲಿಸುವಂತೆ ಮಾಡಿದ್ದರು.

"ಲಂಬವಾಗಿ ಸುತ್ತುವ ಯಂತ್ರಕ್ಕೆ ಸುಳಿಗಾಳಿಯೂ ಆಗುತ್ತದೆ" ಎಂದು ಮಾರುವವರಿದ್ದಾರೆ. ದಿಕ್ಕು ಹುಡುಕಬೇಕಿಲ್ಲ ಎಂಬುದು ನಿಜ. ಆದರೆ ಪೀಪಾಯಿ ಸೀಳಿ ಜೋಡಿಸಿದಂತಿರುವ ಸವೋನಿಯಸ್ ಮಾದರಿ ಹಿಡಿಯುವುದು ಮೂರು ರೆಕ್ಕೆಯ ಯಂತ್ರದ ಅರ್ಧದಷ್ಟು. ಬಾಗಿದ ರೆಕ್ಕೆಯ ಡೇರಿಯಸ್ ಮಾದರಿ ಮಂದಗಾಳಿಗೆ ತಾನಾಗಿ ತಿರುಗಲು ತೊಡಗುವುದೇ ಕಷ್ಟ. ನೋಡಲು ಚೆಂದ, ಅಷ್ಟೆ.

ಗಾಳಿಗೆ ಕಂಬ ಬೇಕು. ಸುತ್ತ 100ರಿಂದ 150 ಮೀಟರ್ ದೂರದೊಳಗೆ ಅತಿ ಎತ್ತರದ ಮರ ಅಥವಾ ಮನೆ ಯಾವುದೋ, ಅದಕ್ಕಿಂತ ರೆಕ್ಕೆಯ ಕೆಳತುದಿ ಕನಿಷ್ಠ 9 ಮೀಟರ್ ಮೇಲಿರಬೇಕು. ಮರ ಬೆಳೆಯುತ್ತದೆ, ಅದನ್ನೂ ಸೇರಿಸಿ. ಬಯಲಿನಲ್ಲಿ ಕಂಬವನ್ನು 10 ಮೀಟರಿನಿಂದ 20ಕ್ಕೆ ಏರಿಸಿದರೆ ವೇಗ ಹೆಚ್ಚುವುದು ಶೇ 10 ಮಾತ್ರ, ಶಕ್ತಿ ಹೆಚ್ಚುವುದು ಶೇ 35. ಅದಕ್ಕೇ ಹಣ ಸಾಲದಿದ್ದರೆ ಯಂತ್ರ ಚಿಕ್ಕದಿರಲಿ, ಕಂಬ ಮಾತ್ರ ಗಿಡ್ಡವಾಗದಿರಲಿ. ಆದರೆ ಬಿಗಿತಂತಿ ಕಟ್ಟಿದ 20 ಮೀಟರ್ ಕಂಬಕ್ಕೆ ಬುಡದಿಂದ 10ರಿಂದ 15 ಮೀಟರ್ ದೂರದಲ್ಲಿ ನಾಲ್ಕು ದಿಕ್ಕಿಗೂ ಗೂಟ ಬೇಕು. ಅಷ್ಟು ಅಂಗಳ ಯಾವ ಸಾಲುಮನೆಗಿದೆ?

ಸ್ಥಾಪಿಸಿದ ಮೇಲೆ ಕೆಲಸ ಮುಗಿಯುವುದಿಲ್ಲ. ಮೊದಲ ತಿಂಗಳ ಕೊನೆಗೆ ಪ್ರತಿ ಬೋಲ್ಟನ್ನೂ ಬಿಗಿತ ಅಳೆಯುವ ಟಾರ್ಕ್ ಸ್ಪ್ಯಾನರ್ ಹಿಡಿದು ನೋಡಬೇಕು, ಬಿಗಿತಂತಿಗಳನ್ನು ಮತ್ತೆ ಎಳೆದು ಸಮ ಮಾಡಬೇಕು. ಆಮೇಲೆ ವರ್ಷಕ್ಕೊಮ್ಮೆ ಕಂಬ ಮಲಗಿಸಿ ರೆಕ್ಕೆಯ ಮುಂದಿನ ಅಂಚು, ಬೇರಿಂಗ್, ತಿರುಗುವ ತಲೆಯಿಂದ ಕೆಳಗಿನ ತಂತಿಗೆ ವಿದ್ಯುತ್ತು ದಾಟಿಸುವ ಸ್ಲಿಪ್ ರಿಂಗಿನ ಬ್ರಷ್ ನೋಡಬೇಕು. ಮಲಗಿಸಬಲ್ಲ ಕಂಬವನ್ನೇ ಹಾಕಿಸಿ. ಹತ್ತಬೇಕಾದ ಕಂಬವನ್ನು ಎರಡನೇ ವರ್ಷದಿಂದ ಯಾರೂ ಹತ್ತುವುದಿಲ್ಲ.

ಅತಿ ದೊಡ್ಡ ಅಪಾಯ ಹೊರೆಯಿಲ್ಲದೆ ತಿರುಗುವುದು. ಸೌರಫಲಕದ ತಂತಿ ಬಿಚ್ಚಿಟ್ಟರೆ ಅದು ಸುಮ್ಮನೆ ಬಿಸಿಲು ಕಾಯುತ್ತ ಕೂರುತ್ತದೆ. ಗಾಳಿಯಂತ್ರ ಹಾಗಲ್ಲ. ಬ್ಯಾಟರಿ ತುಂಬಿತೆಂದು ಕಂಟ್ರೋಲರ್ (ಬ್ಯಾಟರಿಗೆ ಹೋಗುವ ವಿದ್ಯುತ್ತನ್ನು ಹತೋಟಿಯಲ್ಲಿಡುವ ಪೆಟ್ಟಿಗೆ) ಸಂಪರ್ಕ ಕಡಿದ ಕೂಡಲೇ ರೆಕ್ಕೆಗೆ ತಡೆಯಿಲ್ಲದಂತಾಗಿ ವೇಗ ಏರುತ್ತ ಹೋಗುತ್ತದೆ, ವೋಲ್ಟೇಜೂ ಏರುತ್ತದೆ, ಕೊನೆಗೆ ಕಂಟ್ರೋಲರ್ ಸುಡುತ್ತದೆ ಅಥವಾ ರೆಕ್ಕೆ ಹಾರುತ್ತದೆ. ಆದ್ದರಿಂದ ಸೌರ ಕಂಟ್ರೋಲರಿಗೆ ಗಾಳಿಯಂತ್ರ ಜೋಡಿಸಲೇಬಾರದು. ಹೆಚ್ಚಾದ ವಿದ್ಯುತ್ತನ್ನು ಸುಟ್ಟು ಹಾಕುವ ರೆಸಿಸ್ಟರ್‌ಗಳಿರುವ, ಯಂತ್ರದ ಗರಿಷ್ಠ ಉತ್ಪಾದನೆಯನ್ನು ಪೂರ್ತಿ ನುಂಗಬಲ್ಲ ಡಂಪ್ ಲೋಡ್ ಬೇಕು. ಅದು ಕೆಂಪಗೆ ಕಾಯುತ್ತದೆ, ಮರದ ಹಲಗೆಯ ಮೇಲೆ ಕೂರಿಸಬೇಡಿ. ಯಂತ್ರದಿಂದ ಬರುವ ಮೂರು ಫೇಸಿನ ತಂತಿಗಳನ್ನೂ ಒಂದಕ್ಕೊಂದು ಕೂಡಿಸಿ ನಿಲ್ಲಿಸುವ ಬ್ರೇಕ್ ಸ್ವಿಚ್ ಇರುತ್ತದೆ. ಬಿರುಗಾಳಿಯ ಸೂಚನೆ ಬಂದಾಗಲೇ ಒತ್ತಬೇಕು. ಬಿರುಗಾಳಿ ನಡುವೆ ಒತ್ತಿದರೆ ಯಂತ್ರ ನಿಲ್ಲದೆ ಸುರುಳಿ ಸುಟ್ಟುಹೋಗುವ ಸಂಭವವೇ ಹೆಚ್ಚು.

ತಾರಸಿಯ ಮೇಲೆ ಫಲಕ

ಇಲ್ಲಿ ಚಲಿಸುವ ಭಾಗವಿಲ್ಲ, ಅದೇ ಅರ್ಧ ಗೆಲುವು. ಹಾಗಂತ ತಪ್ಪಿಗೆ ಜಾಗವಿಲ್ಲ ಎಂದಲ್ಲ.

ನೆರಳು ಮೊದಲ ಶತ್ರು. ಫಲಕದೊಳಗೆ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್‌ಗಳಿರುತ್ತವೆ. ನೆರಳು ಬಿದ್ದ ಭಾಗವನ್ನು ಬಳಸಿ ವಿದ್ಯುತ್ತನ್ನು ಸಾಗಿಸುವುದು ಅವುಗಳ ಕೆಲಸ. ಒಂದು ಸೆಲ್ (ಫಲಕದ ಒಂದು ಚೌಕ) ಮೇಲೆ ಗಟ್ಟಿ ನೆರಳು ಬಿದ್ದರೂ ಫಲಕದ ಉತ್ಪಾದನೆಯ ಮೂರನೇ ಒಂದು ಭಾಗ ಹೋಗಬಹುದು. ಆಂಟೆನಾ ಕಂಬ, ಬಟ್ಟೆ ಒಣಹಾಕುವ ತಂತಿ, ಪಕ್ಕದ ಮನೆಯವರು ಮುಂದಿನ ವರ್ಷ ಏರಿಸಲಿರುವ ಮಹಡಿ, ಎಲ್ಲ ಲೆಕ್ಕಕ್ಕೆ ಬರುತ್ತವೆ. ಬೆಳಗ್ಗೆ 9, ಮಧ್ಯಾಹ್ನ 12, ಸಂಜೆ 3ಕ್ಕೆ ತಾರಸಿಯ ಚಿತ್ರ ತೆಗೆದಿಡಿ, ಅದೂ ನೆರಳು ಅತಿ ಉದ್ದವಾಗಿರುವ ಚಳಿಗಾಲದಲ್ಲಿ. ನೆರಳು ತಪ್ಪಿಸಲಾಗದ ತಾರಸಿಗೆ ಪ್ರತಿ ಫಲಕಕ್ಕೂ ಒಂದೊಂದು ಮೈಕ್ರೋ ಇನ್ವರ್ಟರ್ ಅಥವಾ ಆಪ್ಟಿಮೈಸರ್ ಹಾಕುವುದು ಸರಿ, ಒಂದರ ನೆರಳು ಉಳಿದವನ್ನು ಎಳೆಯುವುದಿಲ್ಲ. ನೆರಳಿಲ್ಲದ ತಾರಸಿಗೆ ಸಾಲಿಗೊಂದು ಸ್ಟ್ರಿಂಗ್ ಇನ್ವರ್ಟರ್ ಸಾಕು. ಕೆಟ್ಟಾಗ ಫಲಕದಡಿ ತೂರಿ ಹುಡುಕುವ ಕೆಲಸವಿಲ್ಲ.

ಸ್ಟ್ರಿಂಗ್, ಅಂದರೆ ಫಲಕಗಳ ಸಾಲು, ಜೋಡಿಸುವಾಗ ಆಗುವ ತಪ್ಪು ಚಳಿಯನ್ನು ಮರೆಯುವುದು. ಫಲಕ ಬಿಸಿಯಾದಷ್ಟೂ ವೋಲ್ಟೇಜ್ ಇಳಿಯುತ್ತದೆ, ತಣ್ಣಗಾದರೆ ಏರುತ್ತದೆ. ತೆರೆದ ವೋಲ್ಟೇಜ್ (ಹೊರೆ ಜೋಡಿಸದಿದ್ದಾಗಿನದು) 50 ಇರುವ ಫಲಕಗಳನ್ನು 12 ಸಾಲಾಗಿ ಜೋಡಿಸಿದರೆ 25 ಡಿಗ್ರಿಯಲ್ಲಿ 600 ವೋಲ್ಟ್, 5 ಡಿಗ್ರಿಯ ಬೆಳಗ್ಗೆ 630 ದಾಟುತ್ತದೆ. ಇನ್ವರ್ಟರಿನ ಮಿತಿ 600 ಆಗಿದ್ದರೆ ಅದು ಬೇಸಿಗೆಯಲ್ಲೆಲ್ಲ ಚೆನ್ನಾಗಿ ಓಡಿ ಮೊದಲ ಚಳಿಗೆ ಸಾಯುತ್ತದೆ. 11ಕ್ಕೆ ನಿಲ್ಲಿಸಬೇಕಿತ್ತು.

ಬೆಂಕಿಯ ಮೂಲ ಬಹುಪಾಲು ಕನೆಕ್ಟರ್. ಫಲಕದ ತಂತಿ ಸೇರಿಸಲು ಬಳಸುವ ಎಂಸಿ4 ಮಾದರಿಯವು ಒಂದಕ್ಕೊಂದು ಕೂರುತ್ತವೆ ಎಂದು ಬೇರೆಬೇರೆ ಕಂಪನಿಯ ಗಂಡು-ಹೆಣ್ಣು ತುದಿ ಸೇರಿಸಿದರೆ ಒಳಗಿನ ಲೋಹದ ಹಿಡಿತ ಸಡಿಲವಿದ್ದು ಕಾಯುತ್ತದೆ, ಕರಗುತ್ತದೆ. ಕಟಿಂಗ್ ಪ್ಲೇಯರಿನಲ್ಲಿ ಒತ್ತಿದ ತುದಿಯದ್ದೂ ಅದೇ ಪಾಡು. ಅದಕ್ಕೆಂದೇ ಇರುವ ಕ್ರಿಂಪಿಂಗ್ ಟೂಲ್ ಬಳಸಲಿ. ವಿದ್ಯುತ್ತು ಹರಿಯುವಾಗ ಕನೆಕ್ಟರ್ ಎಳೆಯಬಾರದು. ಒಂದೇ ದಿಕ್ಕಿಗೆ ಹರಿಯುವ ಡಿಸಿಯ ಕಿಡಿ ಎಸಿಯಂತೆ ತಾನಾಗಿ ಆರುವುದಿಲ್ಲ.

ಚೌಕಟ್ಟಿನ ವಿಷಯ ಯಾರೂ ಕೇಳುವುದಿಲ್ಲ, ಅದನ್ನೇ ಮೊದಲು ಕೇಳಬೇಕು. 550 ವ್ಯಾಟಿನ ಫಲಕ ಸುಮಾರು ಎರಡೂವರೆ ಚದರ ಮೀಟರ್. ಸೆಕೆಂಡಿಗೆ 40 ಮೀಟರಿನ ಬಿರುಗಾಳಿ ಅದರ ಮೇಲೆ ಸರಿಸುಮಾರು 250 ಕಿಲೋ ಭಾರದಷ್ಟು ಒತ್ತಡ ಹಾಕುತ್ತದೆ, ಅದೂ ಮೇಲಕ್ಕೆ ಎತ್ತುವ ದಿಕ್ಕಿನಲ್ಲಿ. ನಾಲ್ಕು ಇಟ್ಟಿಗೆ ಹೇರಿದರೆ ನಿಲ್ಲುವುದಿಲ್ಲ. ತಾರಸಿಗೆ ಕೊರೆದರೆ ಕೆಮಿಕಲ್ ಆಂಕರ್ ಹಾಕಿ ಸುತ್ತ ಕಾಂಕ್ರೀಟ್ ದಿಂಡು ಕಟ್ಟಿ ನೀರು ಸೋರದಂತೆ ಬಳಿಯಬೇಕು. ಕೊರೆಯದಿದ್ದರೆ ದಿಂಡಿನ ತೂಕವನ್ನು ಲೆಕ್ಕ ಹಾಕಿಯೇ ಎರಕ ಹೊಯ್ಯಬೇಕು.

ಓರೆ ಸ್ಥಳದ ಅಕ್ಷಾಂಶದಷ್ಟಿರಲಿ, ಸಮಭಾಜಕ ವೃತ್ತದ ಕಡೆಗೆ ಮುಖವಿರಲಿ. ಎಲ್ಲಿದ್ದರೂ 10 ಡಿಗ್ರಿಗಿಂತ ಚಪ್ಪಟೆಯಾದರೆ ಕೆಳ ಅಂಚಿನಲ್ಲಿ ಕೆಸರು ಕಟ್ಟುತ್ತದೆ. ತೊಳೆಯುವುದು ಮುಂಜಾನೆ, ಮೃದು ನೀರಿನಲ್ಲಿ. ಕಾದ ಗಾಜಿಗೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು, ಗಡಸು ನೀರು ಬಿಳಿ ಕಲೆ ಬಿಡುತ್ತದೆ.

ಇನ್ನೊಂದು ಮಾತನ್ನು ಮಾರುವವರು ಹೇಳದೇ ಬಿಡುತ್ತಾರೆ: ಬೀದಿಯ ಲೈನಿಗೆ ಜೋಡಿಸಿದ, ಬ್ಯಾಟರಿಯಿಲ್ಲದ ಗ್ರಿಡ್ ಇನ್ವರ್ಟರ್ ಕರೆಂಟು ಹೋದಾಗ ಸುಡುಬಿಸಿಲಿನಲ್ಲೂ ನಿಂತುಬಿಡುತ್ತದೆ. ಅದು ದೋಷವಲ್ಲ, ಕಂಬದ ಮೇಲಿರುವ ಲೈನ್‌ಮನ್ ಜೀವಕ್ಕಾಗಿ ಇರುವ ಏರ್ಪಾಡು. ಕರೆಂಟು ಪದೇ ಪದೇ ಹೋಗುವ ಕಡೆ ಲೈನಿಗೂ ಬ್ಯಾಟರಿಗೂ ಹೊಂದುವ ಹೈಬ್ರಿಡ್ ಇನ್ವರ್ಟರ್, ದೀಪ-ಫ್ಯಾನು-ಫ್ರಿಜ್ಜಿಗೆ ಸಾಲುವಷ್ಟು ಬ್ಯಾಟರಿ ಬೇಕು. ಸೀಸದ ಬ್ಯಾಟರಿಯಲ್ಲಿ ಹೆಸರಿನ ಅರ್ಧದಷ್ಟನ್ನೇ ಬಳಸಬೇಕು, ಲಿಥಿಯಂ ಐರನ್ ಫಾಸ್ಫೇಟಿನಲ್ಲಿ ಶೇ 80ರವರೆಗೆ ಧಾರಾಳವಾಗಿ ಬಳಸಬಹುದು. ಬೆಲೆಯನ್ನು ಬಳಸಬಲ್ಲ ಯೂನಿಟ್ಟಿಗೆ ಭಾಗಿಸಿ ನೋಡಿದರೆ ಸೀಸ ಅಷ್ಟು ಅಗ್ಗವಲ್ಲ.

ಒಬ್ಬೊಬ್ಬರೇ, ಇಲ್ಲ ಎಲ್ಲರೂ ಸೇರಿಯೇ

ನೂರು ಮನೆಗಳ ಮೇಲೆ 3 ಕಿಲೋವ್ಯಾಟಿನಂತೆ ಹಾಕಿದರೂ, ಒಂದೇ ಬಯಲಿನಲ್ಲಿ 300 ಕಿಲೋವ್ಯಾಟ್ ಹಾಕಿದರೂ ಬರುವ ಯೂನಿಟ್ ಹೆಚ್ಚುಕಡಿಮೆ ಅಷ್ಟೇ. ಗಾಳಿಯಲ್ಲಿ ಹೀಗಲ್ಲ. ವ್ಯಾಸ 2 ಮೀಟರಿನಿಂದ 20ಕ್ಕೆ ಏರಿದರೆ ಹಿಡಿಯುವ ಹರವು ನೂರು ಪಟ್ಟು. ಎತ್ತರ 10ರಿಂದ 30 ಮೀಟರಿಗೆ ಏರಿದ್ದರ ಫಲವೂ ಸೇರಿದರೆ ಒಂದು ಯಂತ್ರ ನೂರ ಅರವತ್ತು ಚಿಕ್ಕ ಯಂತ್ರಗಳ ಹತ್ತಿರ ಬರುತ್ತದೆ. ಡೆನ್ಮಾರ್ಕಿನ ಕೋಪನ್‌ಹೇಗನ್ ಎದುರಿನ ಮಿಡಲ್‌ಗ್ರುಂಡೆನ್‌ನಲ್ಲಿ 2000ದಲ್ಲಿ 2 ಮೆಗಾವ್ಯಾಟಿನ 20 ಯಂತ್ರಗಳು ನಿಂತವು. ಅರ್ಧದ ಒಡೆತನ ಎಂಟು ಸಾವಿರಕ್ಕೂ ಹೆಚ್ಚು ಜನ ಸೇರಿದ ಸಹಕಾರ ಸಂಘದ್ದು. ಅವರು ಮನೆಗೊಂದು ಪಂಖ ಹಾಕಿಕೊಂಡಿದ್ದರೆ ಇಷ್ಟು ಹೊತ್ತಿಗೆ ಎಲ್ಲ ಗುಜರಿಗೆ ಸೇರಿರುತ್ತಿತ್ತು.

ಆದರೆ ತಾರಸಿ ಸೌರಕ್ಕೂ ಒಂದು ಸಾಮೂಹಿಕ ತೊಡಕಿದೆ. ಒಂದೇ ಟ್ರಾನ್ಸ್‌ಫಾರ್ಮರಿನಡಿ ಹಲವು ಮನೆಗಳು ಮಧ್ಯಾಹ್ನ ಒಟ್ಟಿಗೆ ವಿದ್ಯುತ್ತು ಹೊರಗೆ ತಳ್ಳಿದಾಗ ಬೀದಿಯ ವೋಲ್ಟೇಜ್ ಏರುತ್ತದೆ. 230 ಇರಬೇಕಾದದ್ದು 253ರ ಸುತ್ತ ಹೋದರೆ ಇನ್ವರ್ಟರ್‌ಗಳು ಒಂದೊಂದಾಗಿ ನಿಲ್ಲುತ್ತವೆ, ಮೊದಲ ಪೆಟ್ಟು ಸಾಲಿನ ಕೊನೆಯ ಮನೆಗೆ. ಫಲಕ ಕೆಟ್ಟಿದೆ ಎಂದು ಆತ ಜಗಳಕ್ಕೆ ನಿಲ್ಲುತ್ತಾನೆ. 100 ಕೆವಿಎ ಟ್ರಾನ್ಸ್‌ಫಾರ್ಮರಿನ ಕೆಳಗೆ 30 ಮನೆ, ತಲಾ 5 ಕಿಲೋವ್ಯಾಟ್ ಎಂದರೆ 150, ಅದು ಹೊರಬಲ್ಲದ್ದಕ್ಕಿಂತ ಹೆಚ್ಚು. ಅರ್ಜಿ ಹಾಕುವ ಮೊದಲೇ ಈ ಗುಣಾಕಾರ ಮಾಡಿ. ಒಂದೇ ಫೇಸಿನ ಇನ್ವರ್ಟರ್‌ಗಳನ್ನು ಮೂರು ಫೇಸಿಗೂ ಸಮನಾಗಿ ಹಂಚಿ. ವಾಷಿಂಗ್ ಮಷೀನು, ಪಂಪು, ನೀರು ಕಾಯಿಸುವುದನ್ನು ಮಧ್ಯಾಹ್ನಕ್ಕೆ ತಂದರೂ ಬಹಳ ಇಳಿಯುತ್ತದೆ.

ನೆರೆಹೊರೆಯವರನ್ನು ಒಪ್ಪಿಸುವಾಗ ಪರಿಸರದ ಭಾಷಣಕ್ಕಿಂತ ಅವರದೇ ಹನ್ನೆರಡು ತಿಂಗಳ ಬಿಲ್ಲು ಕೆಲಸ ಮಾಡುತ್ತದೆ. ಬಿಲ್ಲಿನ ಯೂನಿಟ್ಟನ್ನು ತಿಂಗಳವಾರು ಒಂದು ಸಾಲಿನಲ್ಲಿ ಬರೆಯಿರಿ. ಕೆಳಗೆ ಪಿವಿಜಿಐಎಸ್ ಎಂಬ ಉಚಿತ ತಾಣ ಆ ತಾರಸಿಗೆ ಹೇಳುವ ಉತ್ಪಾದನೆ ಬರೆಯಿರಿ. ಅತಿ ಕೆಟ್ಟ ತಿಂಗಳನ್ನು ಮೊದಲು ತೋರಿಸಿ. "ಬಿಲ್ಲು ಸೊನ್ನೆ" ಎಂದು ಮಾತು ಕೊಟ್ಟರೆ ಮೋಡದ ತಿಂಗಳಲ್ಲಿ ಬರುವ ಮೊದಲ ಬಿಲ್ಲೇ ಹತ್ತು ಮನೆಗಳನ್ನು ಹಿಮ್ಮೆಟ್ಟಿಸುತ್ತದೆ. ಈಗಾಗಲೇ ಹಾಕಿಸಿದ ಒಂದು ಮನೆಯ ಇನ್ವರ್ಟರ್ ಪರದೆ ಎಲ್ಲರಿಗೂ ನೋಡಸಿಗಲಿ. ಆಮೇಲೆ ಒಟ್ಟಾಗಿ ಕೊಳ್ಳುವ ಮಾತು: ಅಮೆರಿಕದ ಪೋರ್ಟ್‌ಲ್ಯಾಂಡಿನ ಬಡಾವಣೆಯೊಂದರಲ್ಲಿ 2009ರಲ್ಲಿ ಶುರುವಾದ ಸೋಲರೈಸ್ ಪದ್ಧತಿಯಲ್ಲಿ ಮನೆಯವರೆಲ್ಲ ಸೇರಿ ಒಬ್ಬ ಗುತ್ತಿಗೆದಾರನನ್ನು ಆರಿಸಿ, ಹೆಚ್ಚು ಮನೆ ಸೇರಿದಷ್ಟೂ ದರ ಇಳಿಯುವಂತೆ ಮಾಡಿ, ಸೇರಲು ಗಡುವು ಇಟ್ಟಿದ್ದರು. ಗಡುವು ಮುಖ್ಯ, ಅದಿಲ್ಲದಿದ್ದರೆ "ಮುಂದಿನ ವರ್ಷ ನೋಡೋಣ" ಎಂಬುದೇ ಉತ್ತರ.

ಗಾಳಿ ಬೇಕೇ ಬೇಕು ಎನ್ನುವವರಿಗೆ ಗ್ಲೋಬಲ್ ವಿಂಡ್ ಅಟ್ಲಾಸ್ ಎಂಬ ಗಾಳಿನಕ್ಷೆಯ ತಾಣದಲ್ಲಿ 50 ಮೀಟರ್ ಎತ್ತರದ ಸರಾಸರಿ ಗಾಳಿವೇಗ ನೋಡಲು ಹೇಳಿ, ಆಮೇಲೆ ಅದೇ ಜಾಗದಲ್ಲಿ ಯಂತ್ರ ನಿಲ್ಲಬೇಕಾದ ಎತ್ತರಕ್ಕೇ ಮಾಪಕ ಕಟ್ಟಿ ಒಂದು ವರ್ಷ ದಾಖಲಿಸಿ. ಸರಾಸರಿ ಸೆಕೆಂಡಿಗೆ 5 ಮೀಟರಿಗಿಂತ ಕಡಿಮೆ ಬಂದರೆ ಅಲ್ಲಿಗೆ ಬಿಡಿ. ಹೆಚ್ಚು ಬಂದು, ಜೋರುಗಾಳಿ ಮೋಡದ ತಿಂಗಳಲ್ಲೇ ಬೀಸುವುದಾದರೆ ಎಲ್ಲರೂ ಸೇರಿ ಒಂದು ದೊಡ್ಡ ಯಂತ್ರ ಹಾಕಬಹುದು. ಕರಾರಿನಲ್ಲಿ ಯೂನಿಟ್ ಹಂಚಿಕೆಗಿಂತ ಮೊದಲು ಬರೆಯಬೇಕಾದದ್ದು ಬೇರಿಂಗ್, ರೆಕ್ಕೆ, ಇನ್ವರ್ಟರ್ ಬದಲಿಸಲು ಪ್ರತಿ ತಿಂಗಳು ಎಷ್ಟು ತೆಗೆದಿಡಬೇಕು, ಮನೆ ಮಾರಿದವರ ಪಾಲು ಯಾರಿಗೆ, ಬಿರುಗಾಳಿಯ ರಾತ್ರಿ ಬ್ರೇಕ್ ಒತ್ತುವವರು ಯಾರು ಎಂಬುದು.