30 ದಿನದ ಹೊಲಿಗೆ ತರಬೇತಿ: ಮೂರು ವರ್ಷ ಹೊಲಿದ ಮೇಲೆ

ತರಬೇತಿ ಮುಗಿದ ವಾರದಲ್ಲೇ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. ಈಗ ಮೂರು ವರ್ಷ ಆಯ್ತು. ನಾಲ್ಕು ಕೊಡುತ್ತೇನೆ.

ನಮ್ಮೂರು ಮುಂಡರಗಿ ತಾಲ್ಲೂಕಿನಲ್ಲಿ, ತುಂಗಭದ್ರಾ ಹೊಳೆ ದಂಡೆಗಿದೆ. ಬ್ಯಾಂಕಿನವರು ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಕೇಂದ್ರದಲ್ಲಿ ಉಳಿದುಕೊಂಡು ಹೊಲಿಗೆ ಕಲಿತೆ. ಊಟ, ವಸತಿ, ಪಾಠ ಎಲ್ಲಾ ಉಚಿತ. 1982ರಲ್ಲಿ ಉಜಿರೆಯ ರುಡ್‌ಸೆಟ್ ಅನ್ನೋ ತರಬೇತಿ ಸಂಸ್ಥೆಯವರು ಶುರು ಮಾಡಿದ ಪದ್ಧತಿ ಇದು. ಮಕ್ಕಳನ್ನು ಅತ್ತೆ ನೋಡಿಕೊಂಡರು. ಅವರು ಒಪ್ಪದಿದ್ದರೆ ನಾನು ಹೋಗೋಕೆ ಆಗುತ್ತಿರಲಿಲ್ಲ.

ಕಲಿಸುವ ರೀತಿ ತುಂಬಾ ಚೆನ್ನಾಗಿತ್ತು. ಮೊದಲೆರಡು ದಿನ ಸೂಜಿಗೆ ದಾರವನ್ನೇ ಹಾಕಲಿಲ್ಲ. ಗೆರೆ ಎಳೆದ ಹಾಳೆ ಮೇಲೆ ಖಾಲಿ ಸೂಜಿ ಓಡಿಸಿ ಕಾಲಿಗೆ ಹಿಡಿತ ಬರಿಸಿದರು. ಆಮೇಲೆ ಪೇಪರ್ ಕಟಿಂಗ್, ಲಂಗ, ಜಂಪರು. ಕೊನೆಗೆ ಲೆಕ್ಕ. ಅಸ್ತರ್‌ಗೆ ಎಷ್ಟು, ಹುಕ್ಕಿಗೆ ಎಷ್ಟು, ಕೂತು ಹೊಲಿದ ಎರಡು ತಾಸಿಗೆ ಎಷ್ಟು ಅಂತ ಬರೆಸಿದರು. ಹೊಲದಲ್ಲಿ ಅಷ್ಟು ವರ್ಷ ದುಡಿದಿದ್ದೇನೆ, ನನ್ನ ಹೊತ್ತಿಗೆ ನಾನೇ ಬೆಲೆ ಬರೆದದ್ದು ಅದೇ ಮೊದಲು.

ಊರಿಗೆ ಬಂದ ಮೇಲೆ ಒಂದು ಕೊರತೆ ಗೊತ್ತಾಯಿತು. ಪ್ರಿನ್ಸೆಸ್ ಕಟ್ ಅನ್ನೋ ಹೊಸ ಮಾದರಿ ಜಂಪರು ಕಲಿಸಿದ್ದರು, ಖಣ ಅನ್ನೋ ಅಂಚಿನ ಬಟ್ಟೆಯ ಕುಪ್ಪಸ ಕಲಿಸಿರಲಿಲ್ಲ. ನಮ್ಮ ಓಣಿಯ ಹಿರಿಯರು ತರೋದು ಗುಳೇದಗುಡ್ಡದ ಖಣವನ್ನೇ. ಮೊದಲನೆಯದನ್ನು ಬೇರೆ ಬಟ್ಟೆ ಕತ್ತರಿಸಿದ ಹಾಗೇ ಕತ್ತರಿಸಿಬಿಟ್ಟೆ. ಅಜ್ಜಿಯೊಬ್ಬರು ಪಕ್ಕ ಕೂತು, "ಅಂಚು ತೋಳಿಗೆ ಬರಬೇಕವಾ, ಮುಂದ ಗಂಟು ಹಾಕಾಕ ಬಟ್ಟಿ ಬಿಡಬೇಕು" ಅಂತ ತಮ್ಮ ಹಳೇ ಕುಪ್ಪಸದ ಹೊಲಿಗೆ ಬಿಚ್ಚಿ ಹಾಸಿ ತೋರಿಸಿದರು. ಹಾಳೆ ಇಟ್ಟು ಅದರ ಅಳತೆ ತೆಗೆದುಕೊಂಡೆ. ಇವತ್ತಿಗೂ ಅದೇ ಹಾಳೆ ಬಳಸುತ್ತೇನೆ.

ಸ್ಟಾರ್ ಕಡಿಮೆ ಮಾಡಿದ್ದು ಅದಕ್ಕಲ್ಲ, ಮಷಿನ್ ವಿಷಯಕ್ಕೆ. ಪ್ರಮಾಣಪತ್ರ ತೋರಿಸಿ ಸಾಲ ಕೇಳಿದರೆ ಬ್ಯಾಂಕ್ ಶಾಖೆಯೊಂದರಲ್ಲಿ ಐದು ಸಲ ಅಲೆಸಿದರು. ಪ್ರತಿ ಸಲವೂ ಹೊಸದೊಂದು ಕಾಗದ ಬೇಕಿತ್ತು. ಕೊನೆಗೆ ಮಹಿಳಾ ಸಂಘದಲ್ಲಿ ಸಾಲ ಎತ್ತಿ ಹಳೇ ಮಷಿನ್ ತಂದೆ. ನನ್ನ ಜೊತೆ ಕಲಿತವರಲ್ಲಿ ಬೇಗ ಮಷಿನ್ ಸಿಕ್ಕವರು ಈಗಲೂ ಹೊಲಿಯುತ್ತಿದ್ದಾರೆ. ಉಳಿದವರಿಗೆ ಮಷಿನ್ ಇಲ್ಲದೆ ಕಲಿತ ಕೈಯ ಅಭ್ಯಾಸ ತಪ್ಪಿಹೋಯಿತು. ಅವರೇನೂ ದಡ್ಡರಲ್ಲ. 2023ರಲ್ಲಿ ಬಂದ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ದರ್ಜಿಗಳಿಗೂ ಉಪಕರಣಕ್ಕೆ 15,000 ರೂಪಾಯಿವರೆಗೆ ಕೊಡುತ್ತಾರೆ. ನಮಗೂ ಹಾಗೇ ಆಗಬೇಕಿತ್ತು. ಸೇರೋ ಮುಂಚೆ ಮಷಿನ್ ದಾರಿ ನೋಡಿಕೊಳ್ಳಿ.

ಕೇಂದ್ರದವರು ಮಾತ್ರ ಕೈ ಬಿಡಲಿಲ್ಲ. ಎರಡು ವರ್ಷ ಫೋನ್ ಮಾಡಿ ವಿಚಾರಿಸಿದರು. ಒಮ್ಮೆ ಮನೆಗೇ ಬಂದ ಮೇಡಂ, ಜಂಪರಿನ ಕೊರಳು ಯಾಕೆ ಎತ್ತಿಕೊಳ್ಳುತ್ತಿದೆ ಅಂತ ಹೊಲಿಗೆ ಬಿಚ್ಚಿ ತೋರಿಸಿದರು.

ಇನ್ನೊಂದು ಮಾತು. ನನ್ನ ತಂಗಿಯನ್ನು ಹೊಳೆಯಾಚೆ ಹೂವಿನಹಡಗಲಿ ತಾಲ್ಲೂಕಿಗೆ ಕೊಟ್ಟಿದ್ದೇವೆ. 1956ರವರೆಗೆ ಈ ಹೊಳೆ ಎರಡು ರಾಜ್ಯಗಳ ಗಡಿ. ಈ ಕಡೆ ಮುಂಬೈ. ಆ ಕಡೆ ಮದ್ರಾಸ್, 1953ರ ನಂತರ ಮೈಸೂರು. ಈಗ ಕೊರ್ಲಹಳ್ಳಿ ಸೇತುವೆ ದಾಟಿದರೆ ಅವಳ ಕಡೆ. ಬೀಗತನ, ಸಂತೆ, ಮಲ್ಲಿಗೆ ಹೂವು ಎಲ್ಲಾ ಓಡಾಡುತ್ತವೆ. ಅವಳೂ ಕಲಿಯುತ್ತೇನೆ ಅಂದಾಗ ನಮ್ಮ ಕೇಂದ್ರದವರು, "ನಿಮ್ಮದು ಬೇರೆ ಜಿಲ್ಲೆ, ಅಲ್ಲೇ ಅರ್ಜಿ ಹಾಕಿ" ಅಂದರು. ಅವಳ ಜಿಲ್ಲೆಯ ಕೇಂದ್ರ ಅವಳಿಗೆ ದೂರ, ಮಡಿಲಲ್ಲಿ ಕೂಸು. ನಮ್ಮ ಕೇಂದ್ರ ಇರೋ ಗದಗಕ್ಕೆ ಮುಂಡರಗಿಯಿಂದ ಸುಮಾರು 40 ಕಿಲೋಮೀಟರ್ ಅಷ್ಟೇ. ಗಡಿ ಊರಿನವರಿಗೆ ಹತ್ತಿರದ ಕೇಂದ್ರಕ್ಕೆ ಸೇರೋಕೆ ಬಿಡಬೇಕು ಅಲ್ವಾ?

ಸದ್ಯ ಭಾನುವಾರ ಬಸ್ ಹತ್ತಿ ನಮ್ಮನೆಗೇ ಬರುತ್ತಾಳೆ. ಖಾಲಿ ಸೂಜಿ, ಗೆರೆ ಎಳೆದ ಹಾಳೆ ಎಲ್ಲಾ ಮುಗಿಸಿದ್ದಾಳೆ. ಮುಂದಿನ ವಾರ ತೋಳು ಕೂರಿಸೋದು ಹೇಳಿಕೊಡಬೇಕು.