ಸರಸ್ವತೀಪುರಂನ ಒಂದು ಪಿಜಿ: ಕೋಣೆಗೆ ಪೂರ್ಣ ಅಂಕ, ಅಡುಗೆಮನೆಗೆ ಅರ್ಧ

ಮೈಸೂರಿನಲ್ಲಿ ಮಹಿಳೆಯರಿಗಾಗಿ ನಡೆಯುವ ಪಿಜಿಗಳಲ್ಲಿ ಸಾಮಾನ್ಯವಾಗಿ ಊಟ, ತಿಂಡಿ ಎರಡನ್ನೂ ಅವರೇ ಕೊಡುತ್ತಾರೆ. ಒಳಗಿರುವವರು ತಾವೇ ಬೇಯಿಸಿಕೊಳ್ಳಲು ಬಿಡುವ ಮನೆಗಳನ್ನು ಹುಡುಕಿಯೇ ಹಿಡಿಯಬೇಕು. ಸರಸ್ವತೀಪುರಂನಲ್ಲಿ, ಕುಕ್ಕರಹಳ್ಳಿ ಕೆರೆಗೆ ಕಾಲ್ನಡಿಗೆಯ ದೂರದಲ್ಲಿ, ಎಂಟು ಜನರಿಗೆ ಒಂದೇ ಅಡುಗೆಮನೆ ಇರುವ ಅಂಥದೊಂದು ಪಿಜಿಯಲ್ಲಿ ನಾನು ಈಗಲೂ ವಾಸವಾಗಿದ್ದೇನೆ. ಮನೆಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಇಲ್ಲಿ ಬರುವ ದೂರುಗಳಲ್ಲಿ ಮಾಲೀಕರ ಪಾಲು ಕಡಿಮೆ, ಒಳಗಿರುವವರ ಪಾಲೇ ಹೆಚ್ಚು. ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಆಸುಪಾಸಿನಲ್ಲಿ ಇದೇ ಬಗೆಯ ಮನೆ ಹುಡುಕುತ್ತಿರುವವರಿಗೆ ಹೆಸರಿಗಿಂತ ಒಳಗಿನ ನಡವಳಿಕೆ ತಿಳಿದರೆ ಹೆಚ್ಚು ಉಪಯೋಗ.

ಕೋಣೆಯ ವಿಷಯವನ್ನು ಬೇಗ ಮುಗಿಸುತ್ತೇನೆ. ಇಬ್ಬರಿಗೊಂದು ಕೋಣೆ, ಎರಡು ಕಿಟಕಿ, ಸೋಲಾರ್ ಬಿಸಿನೀರು, ದಿನ ಬಿಟ್ಟು ದಿನ ಗುಡಿಸಿ ಒರೆಸುವ ವ್ಯವಸ್ಥೆ. ತಿಂಗಳ ಬಾಡಿಗೆ 6,500 ರೂಪಾಯಿ, ವಿದ್ಯುತ್ತಿನ ಬಿಲ್ಲು ಅದರಲ್ಲೇ ಸೇರಿದೆ. ಈ ಬಡಾವಣೆಯಲ್ಲಿ ಇದಕ್ಕೆ ತಕರಾರು ತೆಗೆಯುವಂತಿಲ್ಲ.

ಅಡುಗೆಮನೆಯೂ ಮೊದಲ ನೋಟಕ್ಕೆ ಮೆಚ್ಚುವಂತೆಯೇ ಇದೆ. ಕರಿಗಲ್ಲಿನ ಉದ್ದನೆಯ ಕಟ್ಟೆ, ಮೂರು ಉರಿಯ ಒಲೆ, ಮಿಕ್ಸಿ, ಒಂದೇ ಬಾಗಿಲಿನ ಫ್ರಿಜ್ಜು, ಹೊರಗಡೆ ಗಾಳಿಯಾಡುವ ಜಾಗದಲ್ಲಿ 19 ಕೆಜಿಯ ವಾಣಿಜ್ಯ ಸಿಲಿಂಡರ್. ಗೃಹಬಳಕೆಯ 14.2 ಕೆಜಿ ಸಿಲಿಂಡರಿನಲ್ಲೇ ಪಿಜಿ ನಡೆಸುವವರ ನಡುವೆ ಮಾಲೀಕರು, ಅಂದರೆ ನಾವೆಲ್ಲರೂ ಆಂಟಿ ಎಂದು ಕರೆಯುವವರು, ಈ ವಿಷಯದಲ್ಲಿ ನೇರವಾಗಿದ್ದಾರೆ. ಪ್ರತಿಯೊಬ್ಬರಿಗೂ ಬೀಗ ಹಾಕಿಕೊಳ್ಳಬಹುದಾದ ಒಂದೊಂದು ಗೂಡು ಕೊಟ್ಟಿದ್ದಾರೆ. ಅಕ್ಕಿ, ಬೇಳೆ, ಹಾಲು, ತರಕಾರಿ ಅವರವರದು. ಉಪ್ಪು, ಸಕ್ಕರೆ, ಅಡುಗೆ ಎಣ್ಣೆ, ಅರಿಶಿನ, ಸಾಸಿವೆ, ಪಾತ್ರೆ ತೊಳೆಯುವ ಸೋಪು, ಕುಡಿಯುವ ನೀರಿನ ಕ್ಯಾನು ಮತ್ತು ಗ್ಯಾಸ್ ಎಲ್ಲರದು. ಇದಕ್ಕೆಂದು ತಲೆಗೆ 400 ರೂಪಾಯಿ ಪ್ರತ್ಯೇಕವಾಗಿ ಕೊಡಬೇಕು.

ಬೀಗದ ಗೂಡುಗಳನ್ನು ತೋರಿಸುವಾಗ ಆಂಟಿಯವರ ಮುಖದಲ್ಲಿ ಒಂದು ಹೆಮ್ಮೆ ಇರುತ್ತದೆ. ಆದರೆ ಬೀಗ ಕಾಯುವುದು ಕಳ್ಳತನದಿಂದ, ಮತ್ತು ಈ ಮನೆಯಲ್ಲಿ ಕಳ್ಳತನ ಎನ್ನುವಂಥದ್ದು ಬಹುಮಟ್ಟಿಗೆ ಇಲ್ಲ ಎನ್ನಬೇಕು. ಒಬ್ಬರ ತುಪ್ಪದ ಸೀಸೆಗೆ ಇನ್ನೊಬ್ಬರು ಕೈ ಹಾಕಿದ್ದನ್ನು ನಾನು ಕಂಡಿಲ್ಲ. ಇಲ್ಲಿನ ಜಗಳಗಳೆಲ್ಲ ಹುಟ್ಟುವುದು ಬೀಗದ ಹೊರಗಿರುವ ವಸ್ತುಗಳಿಂದ, ಅದರಲ್ಲೂ ಅವು ಮುಗಿಯುವ ಹೊತ್ತಿನಲ್ಲಿ. ಮೊನ್ನೆಮೊನ್ನೆಯವರೆಗೆ ಬಳಸಲು ಎಂಟು ಜನ ಇದ್ದರು. ಮುಗಿಯಿತು ಎಂದು ಹೇಳಲು ಒಬ್ಬರೂ ಇರಲಿಲ್ಲ.

ಸಕ್ಕರೆ ಡಬ್ಬಿಯನ್ನೇ ನೋಡಿ. ಪೂರ್ತಿ ಖಾಲಿ ಮಾಡಿದವರು ಡಬ್ಬಿಯನ್ನು ತೊಳೆದು, ಒಣಗಿಸಿ, ಮತ್ತೆ ತುಂಬಿಸಿಡಬೇಕು ಎಂಬುದು ಆಗ ಮನೆಯ ನಿಯಮವಾಗಿತ್ತು. ಹಾಗಾಗಿ ಯಾರೂ ಪೂರ್ತಿ ಖಾಲಿ ಮಾಡುತ್ತಿರಲಿಲ್ಲ. ತಳದಲ್ಲಿ ಅರ್ಧ ಚಮಚದಷ್ಟು ಉಳಿಸಿ, ಮುಚ್ಚಳವನ್ನು ಬಿಗಿಯಾಗಿ ಹಾಕಿ, ಮೊದಲಿದ್ದ ಜಾಗದಲ್ಲಿ ಮೊದಲಿದ್ದಂತೆಯೇ ಇಟ್ಟು ಹೋಗುತ್ತಿದ್ದರು. ಆ ಅರ್ಧ ಚಮಚವೇ ನಿಯಮದಿಂದ ಪಾರಾಗುವ ರಹದಾರಿಯಾಗಿತ್ತು. ಸೋಪಿನದೂ ಇದೇ ಕಥೆ: ಹಾಳೆಯಂತೆ ತೆಳ್ಳಗಾದ ಚೂರು ನಾರಿಗೆ ಅಂಟಿಕೊಂಡು ನಾಲ್ಕು ದಿನ ಬದುಕುತ್ತಿತ್ತು, ಮೇಲಿನ ಗೂಡಿನಲ್ಲಿರುವ ಹೊಸ ಸೋಪನ್ನು ಒಡೆಯುವ ಕೈ ಮಾತ್ರ ಮುಂದೆ ಬರುತ್ತಿರಲಿಲ್ಲ.

ನೀರಿನ ಕ್ಯಾನಿನ ವಿಷಯದಲ್ಲಿ ನನಗೆ ಕೊಂಚ ಸಹಾನುಭೂತಿ ಇದೆ. 20 ಲೀಟರಿನ ಕ್ಯಾನೆಂದರೆ 20 ಕೆಜಿಗೂ ಮೇಲೆ ಭಾರ. ಅದನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಬೋರಲು ಹಾಕುವುದು ಎಲ್ಲರ ಕೈಯಲ್ಲಿ ಆಗುವ ಕೆಲಸವಲ್ಲ. ಆದ್ದರಿಂದ ಕೊನೆಯ ಲೋಟವನ್ನು ತುಂಬಿಸಿಕೊಂಡವರು ಸದ್ದಿಲ್ಲದೆ ಕೋಣೆ ಸೇರುತ್ತಿದ್ದರು. ಈ ಬಗ್ಗೆ ಹೇಳಿದಾಗ ಆಂಟಿ ಉಪದೇಶ ಮಾಡುವ ಬದಲು ಕ್ಯಾನಿನ ಬಾಯಿಗೆ ಸಿಕ್ಕಿಸುವ ಚಾರ್ಜಿನ ಪಂಪೊಂದನ್ನು ತಂದುಕೊಟ್ಟರು. ಕ್ಯಾನು ಈಗ ನೆಲದ ಮೇಲೆಯೇ ಇರುತ್ತದೆ, ಖಾಲಿಯಾದರೆ ಪಂಪು ತೆಗೆದು ಪಕ್ಕದ ಕ್ಯಾನಿಗೆ ಹಾಕಿದರಾಯಿತು, ಮತ್ತು ಈ ಒಂದು ಜಗಳ ಮನೆಯಿಂದ ಹೊರಟೇ ಹೋಯಿತು. ಸೋಮಾರಿತನವೆಂದು ಬೈಯುತ್ತಿದ್ದದ್ದರಲ್ಲಿ ಮುಕ್ಕಾಲು ಪಾಲು ಬರೀ ಭಾರವಾಗಿತ್ತು.

ಮೊಸರಿಗೆ ಅಂಥ ಪಂಪು ಇಲ್ಲ. ನಾವು ನಾಲ್ವರು ಸೇರಿ ನಂದಿನಿ ಹಾಲು ತರಿಸಿ, ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಹೆಪ್ಪು ಹಾಕಿಡುತ್ತೇವೆ. ಮರುದಿನದ ಹೆಪ್ಪಿಗೆಂದು ಒಂದೆರಡು ಚಮಚ ಉಳಿಸಬೇಕು ಎಂಬುದು ಯಾವ ಮನೆಯಲ್ಲೂ ಬರೆದಿಡುವ ವಿಷಯವಲ್ಲ. ಇಲ್ಲಿ ವಾರಕ್ಕೊಮ್ಮೆಯಾದರೂ ಬಟ್ಟಲು ತೊಳೆದು ಬೋರಲು ಹಾಕಿರುತ್ತದೆ. ಕೇಳಿದರೆ, ತೀರಾ ಪ್ರಾಮಾಣಿಕವಾಗಿ, "ಅಕ್ಕ, ಎರಡೇ ಚಮಚ ಇತ್ತು, ಅಷ್ಟನ್ನೇನು ಎತ್ತಿಡೋದು ಅಂತ ತಿಂದ್ಬಿಟ್ಟೆ" ಎಂಬ ಉತ್ತರ ಬರುತ್ತದೆ. ಸಕ್ಕರೆಯನ್ನು ಅರ್ಧ ಚಮಚ ಉಳಿಸುತ್ತಿದ್ದ ಜನರೇ ಮೊಸರನ್ನು ಮಾತ್ರ ಬಳಿದು ಮುಗಿಸುವುದು ಹೇಗೆ ಎಂಬುದು ನನಗಿನ್ನೂ ಬಗೆಹರಿದಿಲ್ಲ. ಆ ಸಂಜೆ ಅಂಗಡಿಯಿಂದ ಪ್ಯಾಕೆಟ್ ಮೊಸರು ತಂದು ಅದನ್ನೇ ಹೆಪ್ಪು ಮಾಡಬೇಕು. ಮಾಗಿಯ ಚಳಿಯಲ್ಲಾದರೆ ಅದು ಬೆಳಗಿನ ಡಬ್ಬಿಯ ಹೊತ್ತಿಗೆ ಗಟ್ಟಿಯಾಗಿರುವುದಿಲ್ಲ.

ಕಾಫಿಯ ಅಧ್ಯಾಯ ಇನ್ನೂ ಸೂಕ್ಷ್ಮವಾದದ್ದು. ಆಂಟಿಯವರ ದೊಡ್ಡ ಹಿತ್ತಾಳೆ ಫಿಲ್ಟರ್ ಅಡುಗೆಮನೆಯಲ್ಲೇ ಇದೆ. ನಾವು ಐವರು ದುಡ್ಡು ಹಾಕಿ ಶೇಕಡಾ 20 ಚಿಕೋರಿ ಬೆರೆಸಿದ ಪುಡಿಯನ್ನು ಅಂಗಡಿಯಲ್ಲಿ ಹುರಿದು ಬೀಸಿಸಿ ತರುತ್ತೇವೆ. ರಾತ್ರಿ ಮಲಗುವ ಮುಂಚೆ ಹಾಕಿದರೆ ಬೆಳಿಗ್ಗೆ ಗಟ್ಟಿ ಡಿಕಾಕ್ಷನ್ ಇಳಿದಿರುತ್ತದೆ. ಮೊದಲು ಎದ್ದವರು ಅದರಲ್ಲಿ ಅರ್ಧವನ್ನು ತಮ್ಮ ದೊಡ್ಡ ಲೋಟಕ್ಕೆ ಬಗ್ಗಿಸಿಕೊಂಡು, ಮೇಲಿನ ಪುಡಿಗೆ ಮತ್ತೊಮ್ಮೆ ಬಿಸಿನೀರು ಸುರಿದು, ಕೆಳಗಿನ ಪಾತ್ರೆಯ ಮಟ್ಟ ಇಳಿದೇ ಇಲ್ಲವೆನ್ನುವಂತೆ ಮಾಡಿಡುತ್ತಾರೆ. ಎರಡನೇ ಡಿಕಾಕ್ಷನ್ ಮಾಡುವುದು ತಪ್ಪಲ್ಲ, ಎಲ್ಲ ಮನೆಗಳಲ್ಲೂ ಮಾಡುತ್ತಾರೆ. ಆದರೆ ಅದನ್ನು ಬೇರೆ ಪಾತ್ರೆಗೆ ಇಳಿಸುತ್ತಾರೆ, ಮೊದಲನೆಯದಕ್ಕೆ ಬೆರೆಸಿ ಆಮೇಲೆ ಎದ್ದವರಿಗೆ ಕಾಫಿ ಬಣ್ಣದ ಹಾಲು ಕುಡಿಸುವುದಿಲ್ಲ. ಇದರ ಜೊತೆಗೆ ಪುಡಿಯ ಡಬ್ಬಿಯ ಮುಚ್ಚಳವನ್ನು ಸುಮ್ಮನೆ ಮೇಲಿಟ್ಟು ಹೋಗುವ ಅಭ್ಯಾಸ. ಚಿಕೋರಿ ತೇವವನ್ನು ಬೇಗ ಎಳೆದುಕೊಳ್ಳುತ್ತದೆ, ಕಾಫಿಯ ಪರಿಮಳ ಅಷ್ಟೇ ಬೇಗ ಹಾರಿಹೋಗುತ್ತದೆ. ಮಳೆಗಾಲದಲ್ಲಿ ಎರಡೇ ದಿನಕ್ಕೆ ಪುಡಿ ಗಂಟುಗಂಟಾಗಿ ಫಿಲ್ಟರಿನ ತೂತುಗಳಲ್ಲಿ ಕಚ್ಚಿಕೊಳ್ಳುತ್ತದೆ.

ನಮ್ಮಲ್ಲೊಬ್ಬರು ಆಹಾರ ತಂತ್ರಜ್ಞಾನದ ಕೇಂದ್ರೀಯ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐಯಲ್ಲಿ ಸಂಶೋಧನೆ ಮಾಡುತ್ತಿದ್ದಾರೆ. 1950ರಿಂದ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ದೇಶಕ್ಕೆಲ್ಲ ಆಹಾರ ಕೆಡದಂತೆ ಇಡುವುದನ್ನು ಹೇಳಿಕೊಡುತ್ತಿರುವ ಸಂಸ್ಥೆಯ ವಿದ್ಯಾರ್ಥಿನಿ ಇರುವ ಮನೆಯಲ್ಲೇ ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಬಂದ ಮಾವಿನ ಮಿಡಿ ಉಪ್ಪಿನಕಾಯಿಗೆ ಬೂಷ್ಟು ಹಿಡಿಯಿತು. ತಂದವರು ದೊಡ್ಡ ಮನಸ್ಸಿನಿಂದ ಭರಣಿಯನ್ನು ಕಟ್ಟೆಯ ಮೇಲಿಟ್ಟು ಎಲ್ಲರೂ ಹಾಕಿಕೊಳ್ಳಿ ಎಂದಿದ್ದರು. ಸಾರಿನ ಸೌಟಿನಿಂದ ಹಿಡಿದು ಆಗಷ್ಟೇ ತೊಳೆದ ಚಮಚದವರೆಗೆ ಎಲ್ಲವೂ ಅದರೊಳಗೆ ಇಳಿದವು. ಸಂಶೋಧಕಿ ವಿವರಿಸಿದ್ದು ಇಷ್ಟು: ಉಪ್ಪಿನಕಾಯಿಯನ್ನು ಕಾಪಾಡುವುದು ಅದರ ಉಪ್ಪು ಮತ್ತು ಹುಳಿ; ಒದ್ದೆ ಚಮಚ ಇಳಿದ ಜಾಗದಲ್ಲಿ ರಸ ತೆಳುವಾಗಿ ಉಪ್ಪು ಕಡಿಮೆಯಾಗುತ್ತದೆ, ಗಾಳಿ ತಾಗುವ ಮೇಲ್ಭಾಗದಲ್ಲಿ ಬೂಷ್ಟು ಅಲ್ಲಿಂದಲೇ ಶುರುವಾಗುತ್ತದೆ. ಊಟದ ನಡುವೆ ಎದ್ದು ಬಂದು ಬಾಯಿಗಿಟ್ಟ ಚಮಚವನ್ನೇ ಭರಣಿಗೆ ಅದ್ದುವುದನ್ನೂ ಕಂಡಿದ್ದೇನೆ. ಎಂಜಲು ಎಂದರೆ ಏನೆಂದು ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದವರೇ ಎಂಟು ಜನವೂ, ಆದರೂ ಹೀಗೆ. ಭರಣಿ ಈಗ ಬೀಗದ ಗೂಡಿನೊಳಗಿದೆ, ಮತ್ತು ನಷ್ಟವೆಲ್ಲ ನಮ್ಮದೇ.

ಫ್ರಿಜ್ಜಿನ ಬಗ್ಗೆ ಎರಡು ಮಾತು. ಎಂಟು ಜನರಿಗೆ ಒಂದೇ ಬಾಗಿಲಿನ ಫ್ರಿಜ್ಜು ಸಾಲದು, ಇದು ಮಾಲೀಕರ ಮೇಲಿನ ನೇರ ದೂರು. ಕಿಕ್ಕಿರಿದ ಫ್ರಿಜ್ಜಿನೊಳಗೆ ತಂಪು ಗಾಳಿ ಸುಳಿಯುವುದಿಲ್ಲ, ಕೆಳಗಿನ ತಟ್ಟೆಯಲ್ಲಿಟ್ಟ ಹಾಲು ಕೆಲವೊಮ್ಮೆ ಕಾಯಿಸುವಾಗಲೇ ಒಡೆಯುತ್ತದೆ. ಒಳಗಿರುವವರ ಪಾಲಿನ ತಪ್ಪು ಬೇರೆ: ಹೆಚ್ಚಿದ ಈರುಳ್ಳಿಯನ್ನು ತೆರೆದ ಬಟ್ಟಲಿನಲ್ಲಿ ಇಡುವುದು, ಬೇಸಗೆಯಲ್ಲಿ ಹಲಸಿನ ತೊಳೆಗಳನ್ನು ಮುಚ್ಚದೆ ಇಟ್ಟು ಬೆಣ್ಣೆ, ಹಾಲು ಎಲ್ಲಕ್ಕೂ ಅದೇ ವಾಸನೆ ಹತ್ತಿಸುವುದು. ರಾತ್ರಿಯಿಡೀ ಕಟ್ಟೆಯ ಮೇಲೆ ಬಿಟ್ಟ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡಿ ಎಲ್ಲರನ್ನೂ ಕರೆಯುವುದು ಪ್ರೀತಿಯೇ ಆದರೂ ಸಂಶೋಧಕಿ ಅದನ್ನು ಮುಟ್ಟುವುದಿಲ್ಲ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಸಿದರೂ ಉಳಿಯುತ್ತವೆ, ಅನ್ನ ಬೆಚ್ಚಗೆ ಕುಳಿತಾಗ ಬೆಳೆದು ವಿಷ ಬಿಡಬಲ್ಲವು, ಆ ವಿಷ ಒಗ್ಗರಣೆಯ ಬಿಸಿಗೆ ಹೋಗುವುದಿಲ್ಲ ಎಂಬುದು ಅವರ ವಾದ. ಆ ವಾದ ಕೇಳಿದಂದಿನಿಂದ ನಾನೂ ಉಪ್ಪಿಟ್ಟಿಗೆ ಬದಲಾಗಿದ್ದೇನೆ.

ದೋಸೆ ಹಿಟ್ಟಿನಿಂದ ಕೇಳದೆ ಎರಡು ಸೌಟು ತೆಗೆದು, ಗೊತ್ತಾಗದಿರಲೆಂದು ಅಷ್ಟೇ ನೀರು ಬೆರೆಸಿಟ್ಟ ಪ್ರಸಂಗವೂ ನಡೆದಿದೆ. ಹಿಟ್ಟು ಕಾವಲಿಯ ಮೇಲೆ ಹರಿದಾಡಿದಾಗ ಗುಟ್ಟು ತಾನಾಗಿ ಹೊರಬಿತ್ತು.

ಇವನ್ನೆಲ್ಲ ತಿದ್ದಲು ಆಂಟಿ ಮಾಡಿದ ಪ್ರಯತ್ನಗಳಲ್ಲಿ ಗೋಡೆಯ ಸೂಚನೆಗಳು ಸಂಪೂರ್ಣ ವಿಫಲ. "ದಯವಿಟ್ಟು" ಎಂದು ಶುರುವಾಗುವ ಐದಾರು ಚೀಟಿಗಳು ಎಣ್ಣೆ ಸಿಡಿದು ಪಾರದರ್ಶಕವಾಗಿ ಗೋಡೆಗೇ ಅಂಟಿಕೊಂಡಿವೆ. ವಾಟ್ಸಾಪ್ ಗುಂಪು ಅದಕ್ಕಿಂತ ಕೆಟ್ಟದ್ದು: ಖಾಲಿ ಡಬ್ಬಿಯ ಚಿತ್ರ ಹಾಕಿ "ಇದು ಯಾರ ಕೆಲಸ?" ಎಂದು ಕೇಳಿದರೆ ಎಂಟೂ ಜನ ನೋಡಿರುವುದಕ್ಕೆ ನೀಲಿ ಗುರುತು ಬೀಳುತ್ತದೆ, ಉತ್ತರ ಬೀಳುವುದಿಲ್ಲ, ಮತ್ತು ಆ ರಾತ್ರಿ ಅಡುಗೆಮನೆಯಲ್ಲಿ ಯಾರೂ ಯಾರೊಂದಿಗೂ ಮಾತನಾಡುವುದಿಲ್ಲ.

ಫಲ ಕೊಟ್ಟದ್ದು ಖರೀದಿಯ ಕ್ರಮ ಬದಲಾದದ್ದು. ಮೊದಲು ಆಂಟಿ ತಿಂಗಳಿಗೊಮ್ಮೆ ಸಂತೆಪೇಟೆಯ ಸಗಟು ಅಂಗಡಿಯಿಂದ ಎಲ್ಲವನ್ನೂ ಹೊರೆಯಾಗಿ ತಂದು ಹಾಕುತ್ತಿದ್ದರು. ಚೀಲ ದೊಡ್ಡದಿದ್ದಷ್ಟೂ ಬಳಸುವ ಕೈಗೆ ಹಿಡಿತ ಇರುತ್ತಿರಲಿಲ್ಲ, ಇಪ್ಪತ್ತನೇ ತಾರೀಖಿನ ಹೊತ್ತಿಗೆ ಎಣ್ಣೆ ಇಲ್ಲ ಎನ್ನುವ ಕೂಗು ಏಳುತ್ತಿತ್ತು. ಈಗ 400 ರೂಪಾಯಿಗಳ ಆ ಹಣ ವಾರಕ್ಕೊಬ್ಬರ ಕೈಯಲ್ಲಿ ಇರುತ್ತದೆ, ಆ ವಾರ ಬೇಕಾದಷ್ಟನ್ನು ಅವರೇ ಹತ್ತಿರದ ಅಂಗಡಿಯಿಂದ ತರುತ್ತಾರೆ. ಫ್ರಿಜ್ಜಿನ ಪಕ್ಕದಲ್ಲಿ ಒಂದು ಸ್ಲೇಟು ತೂಗುತ್ತದೆ. ಡಬ್ಬಿ ಕಾಲು ಭಾಗಕ್ಕೆ ಇಳಿದದ್ದನ್ನು ಕಂಡವರು ಆ ವಸ್ತುವಿನ ಹೆಸರು ಬರೆದರೆ ಸಾಕು, ತುಂಬಿಸುವ ಹೊಣೆ ವಾರದವರದು. ಹೇಳಿದವರ ತಲೆಗೇ ಕೆಲಸ ಕಟ್ಟುವ ಹಳೆಯ ನಿಯಮ ಹೋದದ್ದೇ ತಡ, ಮುಗಿಯುತ್ತಿದೆ ಎಂದು ಹೇಳುವವರು ಹುಟ್ಟಿಕೊಂಡರು. ಉಪ್ಪು, ಸಕ್ಕರೆ, ಸೋಪಿನ ಮಟ್ಟಿಗೆ ಮನೆ ಶಾಂತವಾಗಿದೆ. ಮೊಸರು ಮತ್ತು ಡಿಕಾಕ್ಷನ್ ಈ ಸ್ಲೇಟಿಗೆ ಬಗ್ಗುವ ಜಾತಿಯವಲ್ಲ. ಡಿಕಾಕ್ಷನ್ನಿಗಾಗಿ ನಾನು ಪ್ರತ್ಯೇಕವಾಗಿ ಇಬ್ಬರಿಗಾಗುವ ಸಣ್ಣ ಸ್ಟೀಲ್ ಫಿಲ್ಟರ್ ಕೊಂಡಿದ್ದೇನೆ.

ಮಾಲೀಕರು ಇನ್ನೂ ಸರಿಪಡಿಸದೆ ಉಳಿಸಿರುವುದು ಗ್ಯಾಸ್. ಬದಲಿ ಸಿಲಿಂಡರ್ ಇಟ್ಟಿಲ್ಲ. ರಾತ್ರಿ ಎಂಟೂವರೆಗೆ ಮೂರೂ ಒಲೆಗಳು ಒಟ್ಟಿಗೆ ಆರಿ, ಕುಕ್ಕರಿನಲ್ಲಿ ಬೇಳೆ ಅರ್ಧ ಬೆಂದು ಕುಳಿತಿರುವಾಗ ಫೋನು ಮಾಡಿದರೆ ಮರುದಿನ ಹತ್ತು ಗಂಟೆಗೆ ಸಿಲಿಂಡರ್ ಬರುತ್ತದೆ. ಎಂಟು ಜನರಿಂದ ಹಣ ಪಡೆಯುವ ಮನೆಗೆ ಇದು ಸಲ್ಲದು. ಎರಡನೇ ಫ್ರಿಜ್ಜು ಮತ್ತು ಎರಡನೇ ಸಿಲಿಂಡರ್, ಇವೆರಡಿದ್ದಿದ್ದರೆ ನಾನು ಐದಕ್ಕೆ ನಾಲ್ಕೂವರೆ ಕೊಡುತ್ತಿದ್ದೆ; ಈಗ ಮೂರೂವರೆ.

ಊಟಕ್ಕೆ ಹೊರಗೆ ಹೋಗಲು ಮನಸ್ಸಿಲ್ಲದ, ಸ್ವಂತ ಸಾರಿನ ಪುಡಿ ಇಲ್ಲದೆ ಬದುಕಲಾಗದ ನನ್ನಂಥವರಿಗೆ ಈ ಮನೆ ಸರಿಹೊಂದುತ್ತದೆ. ಬೆಳಿಗ್ಗೆ ಏಳಕ್ಕೇ ಡಬ್ಬಿ ಕಟ್ಟಿಕೊಂಡು ಹೊರಡಬೇಕಾದವರು ಯೋಚಿಸಿ, ಆ ಹೊತ್ತಿಗೆ ಒಲೆಗೆ ಸರತಿ ಇರುತ್ತದೆ. ಮನೆ ನೋಡಲು ಬರುವವರನ್ನು ಆಂಟಿ ಬೆಳಿಗ್ಗೆ ಹನ್ನೊಂದಕ್ಕೆ ಕರೆಯುತ್ತಾರೆ, ಆಗ ಕಟ್ಟೆ ಒರೆಸಿ ಮುಗಿದು ಪಾತ್ರೆಗಳೆಲ್ಲ ಬೋರಲು ಬಿದ್ದಿರುತ್ತವೆ. ಅಡ್ವಾನ್ಸ್ ಕೊಡುವ ಮೊದಲು ಸಂಜೆ ಏಳೂವರೆಗೆ ಇನ್ನೊಮ್ಮೆ ಬರುತ್ತೇನೆಂದು ಕೇಳಿ, ಫ್ರಿಜ್ಜಿನ ಬಾಗಿಲು ತೆಗೆದು ನೋಡಿ, ಸ್ಲೇಟಿನ ಮೇಲೆ ಏನು ಬರೆದಿದೆ ಎಂಬುದನ್ನೂ ಓದಿ. ಆಂಟಿ ಬೇಡವೆನ್ನುವುದಿಲ್ಲ.