ಪೇಪರ್‌ಲೆಸ್-ಎನ್‌ಜಿಎಕ್ಸ್: ಹಾಳೆಗೆ ಒಂದು ನಂಬರ್ ಸಾಕು

ಸ್ಕ್ಯಾನ್ ಮಾಡಿದ ಕಾಗದಪತ್ರಗಳನ್ನು ಜೋಡಿಸಿಟ್ಟು ಹುಡುಕಿಕೊಡುವ ತಂತ್ರಾಂಶ ಪೇಪರ್‌ಲೆಸ್-ಎನ್‌ಜಿಎಕ್ಸ್. ನಮ್ಮ ಕಚೇರಿಯಲ್ಲಿ ಅದನ್ನು ಬಳಸಲು ಶುರುಮಾಡಿ ಕೆಲವು ವರ್ಷಗಳಾದವು. ಹೊಸದರಲ್ಲಿ ಎಲ್ಲರೂ ಹೊಗಳುವುದು ಅದರ ಹುಡುಕಾಟವನ್ನು. ಇಷ್ಟು ದಿನ ಬಳಸಿದ ಮೇಲೆ ನನಗೆ ಅದಕ್ಕಿಂತ ಜಾಸ್ತಿ ಬೆಲೆಯುಳ್ಳದ್ದು ಅನಿಸಿರುವುದು ಒಂದು ಚಿಕ್ಕ ಸೌಲಭ್ಯ. ಪ್ರತಿ ದಾಖಲೆಗೂ ಒಂದು ಕ್ರಮಸಂಖ್ಯೆ ಕೊಡಬಹುದು, ಅಷ್ಟೇ.

ಫೈಲಿಂಗ್‌ನಲ್ಲಿ ನಿಜವಾದ ತಲೆನೋವು ವಿಂಗಡಿಸುವುದು. ಒಂದು ರಿಪೇರಿ ಬಿಲ್ ಬಂತು ಅಂದುಕೊಳ್ಳಿ. ರಿಪೇರಿ ಮಾಡಿದವರ ಫೈಲಿಗೆ ಹಾಕಬೇಕಾ, ಆ ಮಷೀನ್‌ನ ಫೈಲಿಗಾ, ಇಲ್ಲಾ ಆ ತಿಂಗಳ ವೋಚರ್ ಕಟ್ಟಿಗಾ? ಒಬ್ಬೊಬ್ಬರು ಒಂದೊಂದು ಕಡೆ ಇಡುತ್ತಾರೆ. ಹಾಗೆ ಇಟ್ಟವರು ರಜೆ ಹಾಕಿದ ದಿನವೇ ಆ ಬಿಲ್ ಬೇಕಾಗುತ್ತದೆ.

ಈಗ ಹಾಳೆಯ ಮೂಲೆಗೆ ಬಾರ್‌ಕೋಡ್ ಸ್ಟಿಕ್ಕರ್ ಅಂಟಿಸುತ್ತೇವೆ, ಸ್ಕ್ಯಾನ್ ಮಾಡುತ್ತೇವೆ, ಬಾಕ್ಸ್ ಫೈಲಿನಲ್ಲಿ ನಂಬರ್ ಪ್ರಕಾರ ಒಂದರ ಹಿಂದೆ ಒಂದು ಇಡುತ್ತೇವೆ. ಬಿಲ್ಲು, ಕರಾರು, ಪತ್ರ ಎಲ್ಲ ಒಂದೇ ಸಾಲಿನಲ್ಲಿ. ಸೆಟ್ಟಿಂಗ್ ಆನ್ ಮಾಡಿಟ್ಟರೆ ಸ್ಟಿಕ್ಕರ್ ಮೇಲಿನ ಸಂಖ್ಯೆಯನ್ನು ತಂತ್ರಾಂಶವೇ ಓದಿ ದಾಖಲೆಗೆ ಜೋಡಿಸುತ್ತದೆ. ಮೂಲ ಪ್ರತಿ ಬೇಕಾದಾಗ ಕಂಪ್ಯೂಟರ್‌ನಲ್ಲಿ ಹುಡುಕಿ, ನಂಬರ್ ನೋಡಿ, ಬಾಕ್ಸಿನಿಂದ ತೆಗೆದರಾಯಿತು. ಬಿಲ್ಲಿಗೆ ಎಷ್ಟು ಟ್ಯಾಗ್ (ವಿಷಯ ಗುರುತಿಸುವ ಚಿಕ್ಕ ಹೆಸರು) ಬೇಕಾದರೂ ಹಾಕಬಹುದು. ಹಾಗಾಗಿ ಅದು ಯಾವ ಫೈಲಿನದು ಎಂಬ ಚರ್ಚೆಯೇ ನಿಂತುಹೋಯಿತು.

ಇದು ಉಚಿತ, ಮುಕ್ತ ತಂತ್ರಾಂಶ. ಪೇಪರ್‌ಲೆಸ್ ಎಂಬ ಹಳೆಯ ಯೋಜನೆಯಿಂದ ಪೇಪರ್‌ಲೆಸ್-ಎನ್‌ಜಿ ಬಂತು. ಅದರಿಂದ 2022ರಲ್ಲಿ ಎನ್‌ಜಿಎಕ್ಸ್ ಕವಲೊಡೆಯಿತು. ಈಗ ಒಂದು ತಂಡ ಸೇರಿ ನೋಡಿಕೊಳ್ಳುತ್ತದೆ. ನಿಮ್ಮದೇ ಸರ್ವರ್‌ನಲ್ಲಿ ಹಾಕಿಕೊಳ್ಳಬೇಕು, ಬಳಸುವುದು ಬ್ರೌಸರ್‌ನಲ್ಲಿ. ಡಾಕರ್ (ಸರ್ವರ್‌ನಲ್ಲಿ ತಂತ್ರಾಂಶಗಳನ್ನು ಹಾಕಿ ನಡೆಸುವ ಒಂದು ಸಾಧನ) ಗೊತ್ತಿರುವ ಒಬ್ಬರಾದರೂ ಕಚೇರಿಯಲ್ಲಿ ಇರಲೇಬೇಕು. ಅಂಥವರು ಇಲ್ಲದಿದ್ದರೆ ಇದನ್ನು ಹಾಕಿಕೊಳ್ಳಬೇಡಿ ಅಂತಲೇ ಹೇಳುತ್ತೇನೆ.

ದಿನನಿತ್ಯದ ಕೆಲಸ ಸುಲಭ. ಸ್ಕ್ಯಾನರ್ ಒಂದು ಫೋಲ್ಡರಿಗೆ ಪಿಡಿಎಫ್ ಹಾಕುತ್ತದೆ, ತಂತ್ರಾಂಶ ಅದನ್ನು ಎತ್ತಿಕೊಂಡು ಅಕ್ಷರ ಗುರುತಿಸಿ, ಹುಡುಕಲು ಬರುವ ಪಿಡಿಎಫ್/ಎ ಪ್ರತಿ ಮಾಡುತ್ತದೆ. ಪಿಡಿಎಫ್/ಎ ಅಂದರೆ ದೀರ್ಘಕಾಲ ಕಾದಿಡಲೆಂದೇ 2005ರಲ್ಲಿ ಐಎಸ್ಒ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡವಾದ ಪಿಡಿಎಫ್ ರೂಪ. ಫಾಂಟ್ ಎಲ್ಲ ಫೈಲಿನೊಳಗೇ ಇರುತ್ತದೆ. ನೀವು ಕೊಟ್ಟ ಮೂಲ ಫೈಲನ್ನೂ ಅದು ಮುಟ್ಟದೆ ಹಾಗೇ ಇಟ್ಟುಕೊಳ್ಳುತ್ತದೆ. ನಾನು ಇದನ್ನು ನಂಬಲು ಇದೇ ದೊಡ್ಡ ಕಾರಣ.

ಯಾಕೆ ಅಂದರೆ ಸ್ಕ್ಯಾನ್ ಅಂದಮಾತ್ರಕ್ಕೆ ನಿಜವಾದ ಪ್ರತಿ ಅಂತ ಹೇಳಲಾಗದು. 2013ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ಒಂದು ವಿಷಯ ಬಯಲಿಗೆ ತಂದರು. ಜೆರಾಕ್ಸ್ ಕಂಪನಿಯ ಕೆಲವು ಮಷೀನ್‌ಗಳು ಸ್ಕ್ಯಾನ್ ಮಾಡುವಾಗ 6 ಇದ್ದ ಕಡೆ 8 ಹಾಕಿಬಿಡುತ್ತಿದ್ದವು. ಅಕ್ಷರ ಗುರುತಿಸುವಲ್ಲಿ ಆದ ಎಡವಟ್ಟು ಅದಲ್ಲ, ಚಿತ್ರವೇ ಬದಲಾಗುತ್ತಿತ್ತು. ಜೆಬಿಗ್2 ಎಂಬ ಕುಗ್ಗಿಸುವ ವಿಧಾನದಲ್ಲಿ ಒಂದೇ ಥರ ಕಾಣುವ ಚೂರುಗಳಿಗೆ ಒಂದೇ ಚಿತ್ರವನ್ನು ಮತ್ತೆ ಮತ್ತೆ ಬಳಸಿಕೊಳ್ಳಲು ಅವಕಾಶವಿದೆ. ಅದರಿಂದ ಆದದ್ದು ಇದು. ಕಂಪನಿ ಅದಕ್ಕೆ ತಿದ್ದುಪಡಿ ಬಿಟ್ಟಿತು. ಆದರೂ ಲೆಕ್ಕಪತ್ರ ಸ್ಕ್ಯಾನ್ ಮಾಡುವವರು ಇದನ್ನು ಮರೆಯಬಾರದು ಅಲ್ವಾ? ಫೈಲ್ ಚಿಕ್ಕದಾಗಲಿ ಅಂತ ಸ್ಕ್ಯಾನರ್‌ನ ಗುಣಮಟ್ಟ ತೀರಾ ಇಳಿಸಬೇಡಿ. 300 ಡಿಪಿಐ (ಇಂಚಿಗೆ 300 ಚುಕ್ಕೆ) ಇರಲಿ. ಅಕ್ಷರ ಗುರುತಿಸುವುದಕ್ಕೂ ಅದು ಒಳ್ಳೆಯದು.

ಅಕ್ಷರ ಗುರುತಿಸುವ ಕೆಲಸ ಇದರೊಳಗೆ ಸೇರಿರುವ ಟೆಸೆರಾಕ್ಟ್ ಎಂಬ ತಂತ್ರಾಂಶದ್ದು. ಕನ್ನಡ ಬೇಕಿದ್ದರೆ ಸೆಟ್ಟಿಂಗ್‌ನಲ್ಲಿ ಆ ಭಾಷೆಯನ್ನು ಬೇರೆಯಾಗಿ ಸೇರಿಸಬೇಕು. ಅಚ್ಚಾದ ಇಂಗ್ಲಿಷ್ ಪುಟ ತುಂಬಾ ಚೆನ್ನಾಗಿ ಬರುತ್ತದೆ. ಕನ್ನಡದಲ್ಲಿ ಸ್ವಚ್ಛವಾದ ಮುದ್ರಣವಾದರೆ ಪರವಾಗಿಲ್ಲ. ಮಸುಕಾದ ಪ್ರತಿಯಲ್ಲಿ ಒತ್ತಕ್ಷರಗಳು ಕೆಡುತ್ತವೆ, ಒಂದು ಒತ್ತು ಕೆಟ್ಟರೂ ಆ ಪದ ಹುಡುಕಾಟಕ್ಕೆ ಸಿಗುವುದಿಲ್ಲ. ಕೈಬರಹವನ್ನಂತೂ ನೆಚ್ಚಿಕೊಳ್ಳುವ ಹಾಗೇ ಇಲ್ಲ. ಅದಕ್ಕೇ ಕನ್ನಡದ ಪತ್ರಗಳಿಗೂ ಕೈಬರಹದ ಟಿಪ್ಪಣಿಗಳಿಗೂ ಶೀರ್ಷಿಕೆಯನ್ನು ನಾವೇ ಟೈಪ್ ಮಾಡುತ್ತೇವೆ. ಇದಕ್ಕೆ ಅಡ್ಡದಾರಿ ನನಗೆ ಸಿಕ್ಕಿಲ್ಲ.

ಟ್ಯಾಗ್, ಕಳಿಸಿದವರ ಹೆಸರು, ದಾಖಲೆಯ ಬಗೆ, ಇವನ್ನು ಅದು ತಾನೇ ಊಹಿಸುತ್ತದೆ. ಮೊದಮೊದಲು ಏನೂ ಗೊತ್ತಾಗುವುದಿಲ್ಲ. ನೀವು ತಿದ್ದಿಟ್ಟ ದಾಖಲೆಗಳನ್ನು ನೋಡಿಯೇ ಅದು ಕಲಿಯಬೇಕು. ಹಾಗಾಗಿ ಶುರುವಿನ ತಿಂಗಳುಗಳಲ್ಲಿ ತಾಳ್ಮೆಯಿಂದ ಸರಿಯಾಗಿ ತುಂಬಿ. ಪ್ರತಿ ತಿಂಗಳೂ ಒಂದೇ ರೂಪದಲ್ಲಿ ಬರುವ ಬಿಲ್ಲುಗಳನ್ನು ಈಗ ನಮ್ಮಲ್ಲಿ ಅದೇ ಸರಿಯಾಗಿ ಗುರುತಿಸುತ್ತದೆ.

ಇನ್ನು ಅದರಿಂದ ಆಗದ ಕೆಲಸಗಳು. ಸ್ಕ್ಯಾನರ್ ಎರಡು ಹಾಳೆ ಒಟ್ಟಿಗೆ ಎಳೆದುಕೊಂಡರೆ ಒಂದು ಪುಟ ಹೋಯಿತು ಅಂತ ಇದಕ್ಕೆ ತಿಳಿಯುವುದಿಲ್ಲ. ಎರಡು ಹಾಳೆ ಬಂದರೆ ನಿಲ್ಲುವ ಸೆನ್ಸರ್ ಇರುವ ಸ್ಕ್ಯಾನರ್ ಕೊಳ್ಳಿ, ಸ್ಟೇಪಲ್ ಪಿನ್ ಎಲ್ಲ ತೆಗೆಯಿರಿ, ಕರಾರುಗಳಿಗೆ ಪುಟ ಎಣಿಸಿ ನೋಡಿ. ನಕಲು ಪತ್ತೆಯಲ್ಲೂ ಒಂದು ಮಿತಿ ಇದೆ. ಅದೇ ಫೈಲನ್ನು ಎರಡನೇ ಸಲ ಹಾಕಿದರೆ ಗುರುತಿಸುತ್ತದೆ. ಅದೇ ಹಾಳೆಯನ್ನು ಇನ್ನೊಬ್ಬರು ಮತ್ತೆ ಸ್ಕ್ಯಾನ್ ಮಾಡಿದರೆ ಅದು ಬೇರೆಯೇ ಫೈಲ್ ಆಗುವುದರಿಂದ ಸುಮ್ನೆ ಒಳಗೆ ಬಿಟ್ಟುಕೊಳ್ಳುತ್ತದೆ. ಇಲ್ಲೂ ನಮ್ಮನ್ನು ಕಾಯುವುದು ಸ್ಟಿಕ್ಕರೇ. ಅಂಟಿಸಿದ್ದು ಕಂಡರೆ ಸ್ಕ್ಯಾನ್ ಆಗಿದೆ ಅಂತ ಅರ್ಥ.

ದಾಖಲೆಗಳನ್ನು ಗೂಢಲಿಪಿ ಮಾಡದೆ ಇದ್ದ ಹಾಗೇ ಡಿಸ್ಕಿನಲ್ಲಿ ಇಡುತ್ತದೆ. ಸಂಬಳದ ಕಾಗದ, ಗುರುತಿನ ಚೀಟಿ ಎಲ್ಲ ಅದರಲ್ಲೇ ಇರುವಾಗ ಇದು ಸಣ್ಣ ವಿಷಯವಲ್ಲ. ಡಿಸ್ಕನ್ನೇ ಗೂಢಲಿಪಿ ಮಾಡಿ, ಸರ್ವರನ್ನು ಇಂಟರ್‌ನೆಟ್‌ಗೆ ನೇರವಾಗಿ ತೆರೆದಿಡಬೇಡಿ. ಯಾರು ಯಾವ ದಾಖಲೆ ನೋಡಬಹುದು ಎಂಬ ಅನುಮತಿ ವ್ಯವಸ್ಥೆ 2023ರಲ್ಲಿ ಬಂತು. ಅದನ್ನು ಮೊದಲ ದಿನವೇ ಹೊಂದಿಸಿಕೊಳ್ಳಿ, ಆಮೇಲೆ ಒಂದೊಂದನ್ನೇ ಬದಲಿಸುವುದು ಬೇಸರದ ಕೆಲಸ.

ಇಂತಿಷ್ಟು ವರ್ಷವಾದ ಮೇಲೆ ತಾನೇ ಅಳಿಸುವ ಏರ್ಪಾಡು ಬೇಕು ಅನ್ನುವವರಿಗೆ ಇದು ಹೊಂದುವುದಿಲ್ಲ. ನಾವು ‘ಇಡಬೇಕಾದ ಕೊನೆ ದಿನ’ ಅಂತ ಒಂದು ದಿನಾಂಕದ ಕಾಲಂ ಮಾಡಿಕೊಂಡಿದ್ದೇವೆ. ವರ್ಷದ ಕೊನೆಯಲ್ಲಿ ಅದರ ಮೇಲೆ ಹುಡುಕಿ, ಇಬ್ಬರು ನೋಡಿ ಒಪ್ಪಿದ ಮೇಲೆ ಅಳಿಸುತ್ತೇವೆ. ಅಳಿಸಿದ್ದು ಕಸದ ಬುಟ್ಟಿಯಲ್ಲಿ 30 ದಿನ ಉಳಿಯುತ್ತದೆ. ಬೇಕಿದ್ದರೆ ಆ ಅವಧಿಯನ್ನು ಬದಲಿಸಬಹುದು.

ಬ್ಯಾಕಪ್‌ಗೆ ಅದರದ್ದೇ ರಫ್ತು ಆಜ್ಞೆ ಇದೆ. ಫೈಲುಗಳ ಜೊತೆ ಟ್ಯಾಗ್, ದಿನಾಂಕ, ಕ್ರಮಸಂಖ್ಯೆ ಎಲ್ಲವೂ ಹೊರಗೆ ಬರುತ್ತವೆ. ಅದನ್ನು ಬೇರೊಂದು ಕಂಪ್ಯೂಟರ್‌ನಲ್ಲಿ ಆಮದು ಮಾಡಿ, ಯಾವುದಾದರೂ ಹಳೆಯ ನಂಬರ್ ಹುಡುಕಿ, ಬಾಕ್ಸಿನಲ್ಲಿರುವ ಹಾಳೆ ಜೊತೆ ತಾಳೆ ನೋಡಿ. ಹೊಸ ಆವೃತ್ತಿ ಹಾಕುವ ಮುಂಚೆ ನಾವು ಪ್ರತಿ ಸಲವೂ ಇದನ್ನು ಮಾಡುತ್ತೇವೆ.